ಬಣಕಲ್‌ನಿಂದ ಗಾಲ್ಫ್ ಆಡೋಕೆ ಎಲ್ಲಿಗೆ? ಮಳೆ ನೋಡಿ ಕೋರ್ಸ್ ಆರಿಸಿ

ಮಲೆನಾಡಿಗೆ ರಜೆಗೆ ಬರೋರು ಹೋಂಸ್ಟೇಗಳಲ್ಲಿ ಕೇಳೋ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಜಲಪಾತ ಎಲ್ಲಿದೆ, ಟ್ರೆಕ್ಕಿಂಗ್ ಯಾವ ಗುಡ್ಡಕ್ಕೆ, ಕೊಟ್ಟಿಗೆಹಾರದಲ್ಲಿ ನೀರುದೋಸೆ ಯಾವ ಹೋಟೆಲಲ್ಲಿ ಚೆನ್ನಾಗಿರುತ್ತೆ. ಇತ್ತೀಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಇಲ್ಲಿ ಹತ್ತಿರದಲ್ಲಿ ಒಳ್ಳೇ ಗಾಲ್ಫ್ ಕೋರ್ಸ್ ಯಾವುದು?" ನಮ್ಮ ಬಳಗದ ಗೆಳೆಯನೊಬ್ಬನ ಮನೆ ಬಣಕಲ್‌ನಲ್ಲಿದೆ, ತೋಟದ ಜೊತೆ ಚಿಕ್ಕ ಹೋಂಸ್ಟೇ ಕೂಡ ಇದೆ. ಅವರ ಮನೆಯವರಿಗೆ ಈ ಪ್ರಶ್ನೆಗೆ ಉತ್ತರ ಹೇಳಲೇಬೇಕು. ತಪ್ಪು ಕಡೆ ಕಳಿಸಿದರೆ ಅತಿಥಿಗಳ ಮೂರು ದಿನದ ರಜೆಯಲ್ಲಿ ಒಂದು ದಿನ ಕೆಸರಲ್ಲಿ ಹೋಗುತ್ತೆ, ಮುಂದಿನ ಸಲ ಅವರು ಬರೋದೂ ಇಲ್ಲ.

ನಾವ್ಯಾರೂ ಗಾಲ್ಫ್‌ನಲ್ಲಿ ಪಳಗಿದವರಲ್ಲ. ಆದರೆ ನಮ್ಮಲ್ಲಿ ಸಿವಿಲ್‌ನವರಿದ್ದಾರೆ, ಮೆಕ್ಯಾನಿಕಲ್‌ನವರಿದ್ದಾರೆ, ಮಳೆಯನ್ನು ಇಂಚಿನಲ್ಲಿ ಅಳೆಯೋ ಮನೆಗಳಲ್ಲಿ ಬೆಳೆದವರಿದ್ದಾರೆ. ಪ್ರಶ್ನೆಯನ್ನು ಎಂಜಿನಿಯರಿಂಗ್ ಕಣ್ಣಿಂದ ನೋಡಿದಾಗ ನಮಗೆ ಕಂಡ ಉತ್ತರ ಇಷ್ಟೇ: ಮಲೆನಾಡಲ್ಲಿ ಗಾಲ್ಫ್ ಕೋರ್ಸನ್ನು ಫೋಟೋ ನೋಡಿ ಆರಿಸಬಾರದು, ಮಳೆ ಮತ್ತು ಬಸಿ ನೋಡಿ ಆರಿಸಬೇಕು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಆಟ ಏನು ಅಂತ

ಗೊತ್ತಿಲ್ಲದವರಿಗೆ ಎರಡೇ ಮಾತು. ಗಾಲ್ಫ್ ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ, ತೂಕ 45.93 ಗ್ರಾಂ ಮೀರುವಂತಿಲ್ಲ. ಅದನ್ನು 108 ಮಿ.ಮೀ. ಅಗಲದ ಗುಂಡಿಗೆ ಆದಷ್ಟು ಕಡಿಮೆ ಹೊಡೆತದಲ್ಲಿ ಹಾಕಬೇಕು. ಚೀಲದಲ್ಲಿ ಹೆಚ್ಚೆಂದರೆ 14 ಕೋಲು. ಪೂರ್ಣ ಕೋರ್ಸ್ ಅಂದರೆ 18 ಹೋಲ್. ಪ್ರತಿ ಹೋಲ್‌ನಲ್ಲೂ ಮೊದಲ ಹೊಡೆತದ ಜಾಗ ಟೀ, ಕತ್ತರಿಸಿದ ಹುಲ್ಲಿನ ದಾರಿ ಫೇರ್‌ವೇ, ಪಕ್ಕದ ಉದ್ದ ಹುಲ್ಲು ರಫ್, ಮರಳಿನ ಗುಂಡಿ ಬಂಕರ್, ಕೊನೆಗೆ ನುಣುಪಾದ ಗ್ರೀನ್. ನಾಲ್ಕು ಜನ ಒಟ್ಟಿಗೆ ಆಡಿದರೆ 18 ಹೋಲ್ ಮುಗಿಸೋಕೆ ನಾಲ್ಕು, ನಾಲ್ಕೂವರೆ ಗಂಟೆ ಬೇಕು.

ಈ ಆಟ ನಮ್ಮ ದೇಶಕ್ಕೆ ಹೊಸದಲ್ಲ. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಶುರುವಾಗಿದ್ದು 1829ರಲ್ಲಿ, ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ. ಬ್ರಿಟಿಷರು ಕಾಫಿ, ಟೀ ಬೆಳೆದ ಗುಡ್ಡಗಳಿಗೆಲ್ಲ ಈ ಆಟ ಹೋಯಿತು. ಮುನ್ನಾರ್‌ನಲ್ಲಿ, ಊಟಿಯಲ್ಲಿ, ಶ್ರೀಲಂಕಾದ ನುವಾರ ಎಲಿಯಾದಲ್ಲಿ ಈಗಲೂ ಕೋರ್ಸ್‌ಗಳಿವೆ. ಈಗ ಆಟ ಪ್ಲಾಂಟರ್‌ಗಳ ಕೈಯಲ್ಲಷ್ಟೇ ಇಲ್ಲ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದರು. ಬಿಡದಿಯ ಕೋರ್ಸ್ ಪಕ್ಕದ ಹಳ್ಳಿಯಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾದರು.

ಬಣಕಲ್‌ನಿಂದ ಮೂರು ದಿಕ್ಕು

ಬಣಕಲ್‌ನಲ್ಲಿ ನಿಂತರೆ ಗಾಲ್ಫ್‌ಗೆ ಮೂರು ದಿಕ್ಕಿಗೆ ಹೋಗಬಹುದು.

ಪೂರ್ವಕ್ಕೆ ಮೂಡಿಗೆರೆ ದಾಟಿ ಸುಮಾರು 45 ಕಿ.ಮೀ. ಹೋದರೆ ಚಿಕ್ಕಮಗಳೂರು. ಅಲ್ಲಿನ ಚಿಕ್ಕಮಗಳೂರು ಗಾಲ್ಫ್ ಕ್ಲಬ್‌ನದ್ದು 18 ಹೋಲ್‌ಗಳ ಕೋರ್ಸ್, ಸುತ್ತ ಕಾಫಿ ಸೀಮೆ.

ಪಶ್ಚಿಮಕ್ಕೆ ಚಾರ್ಮಾಡಿ ಘಾಟಿ ಇಳಿದು ಬೆಳ್ತಂಗಡಿ ದಾಟಿ ಸುಮಾರು 100 ಕಿ.ಮೀ. ಹೋದರೆ ಮಂಗಳೂರು. ಊರ ಹೊರಗೆ ಪಿಲಿಕುಳದಲ್ಲಿ ಗಾಲ್ಫ್ ಕೋರ್ಸ್ ಇದೆ. ಅದೇ ಪಿಲಿಕುಳ ನಿಸರ್ಗಧಾಮ ಇರೋ ಜಾಗ, ಹಾಗಾಗಿ ಆಡದವರಿಗೂ ಹೊತ್ತು ಹೋಗುತ್ತೆ.

ದಕ್ಷಿಣಕ್ಕೆ ಸಕಲೇಶಪುರ ದಾಟಿ ಕೊಡಗಿಗೆ ಹೋಗಬಹುದು. ಮಡಿಕೇರಿಯಲ್ಲಿ ಮರ್ಕೆರಾ ಡೌನ್ಸ್, ವಿರಾಜಪೇಟೆ ಹತ್ತಿರ ಬಿಟ್ಟಂಗಾಲದಲ್ಲಿ 18 ಹೋಲ್‌ಗಳ ಕೂರ್ಗ್ ಗಾಲ್ಫ್ ಲಿಂಕ್ಸ್. ಇದು ಒಂದು ದಿನದಲ್ಲಿ ಹೋಗಿ ಬರೋ ಕೆಲಸ ಅಲ್ಲ, ಅಲ್ಲೇ ಉಳಿಯಬೇಕು. ಹಾಸನದ ಮೇಲೆ ಮೈಸೂರಿಗೆ ಹೋದರೆ ಸುಮಾರು 200 ಕಿ.ಮೀ. ಆಗುತ್ತೆ. ಅಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿ, ರೇಸ್‌ಕೋರ್ಸ್ ಪಕ್ಕ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ಅದೂ 18 ಹೋಲ್.

ಹೆಸರು, ದೂರ ಗೊತ್ತಾಯ್ತು. ಹಾಗಾದರೆ ಹತ್ತಿರದ್ದಕ್ಕೆ ಹೋಗೋದು ಅಷ್ಟೇ ಅಲ್ವಾ ಅಂತ ಕೇಳಬಹುದು. ಉತ್ತರ ಹೆಚ್ಚುಕಡಿಮೆ ಹೌದು. ಆದರೆ ಕಾರಣ ದೂರ ಅಲ್ಲ, ಮಳೆ.

ಇಂಚು, ಸೆಂಟು, ಕೋಟಿ ಲೀಟರ್

ನಮ್ಮ ಕಡೆ ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಮಾಡೋ ಕೆಲಸಗಳಲ್ಲಿ ಒಂದು ಮಳೆ ಅಳೆಯೋದು. "ನಿಮ್ಮಲ್ಲಿ ಎಷ್ಟು?" "ಮೂರು ಇಂಚು ನಲವತ್ತು ಸೆಂಟು." ಈ ಲೆಕ್ಕ ವರ್ಷಾನುಗಟ್ಟಲೆ ಡೈರಿಯಲ್ಲಿ ಉಳಿಯುತ್ತೆ. ಪಕ್ಕದ ತೋಟಕ್ಕೂ ನಮ್ಮ ತೋಟಕ್ಕೂ ಅರ್ಧ ಇಂಚು ವ್ಯತ್ಯಾಸ ಇದ್ದರೆ ಅದೇ ಆ ದಿನದ ಸುದ್ದಿ.

ಈಗ ಅದೇ ಇಂಚನ್ನು ಗಾಲ್ಫ್ ಕೋರ್ಸ್‌ಗೆ ಹಾಕಿ ನೋಡಿ. ಒಂದು ಎಕರೆ ಅಂದರೆ 4,047 ಚದರ ಮೀಟರ್. ಒಂದು ಇಂಚು ಅಂದರೆ 25.4 ಮಿ.ಮೀ. ಗುಣಿಸಿದರೆ ಸುಮಾರು 103 ಘನ ಮೀಟರ್, ಅಂದರೆ ಒಂದು ಲಕ್ಷ ಲೀಟರ್‌ಗೂ ಸ್ವಲ್ಪ ಜಾಸ್ತಿ. 18 ಹೋಲ್‌ಗಳ ಕೋರ್ಸ್‌ಗೆ ಸಾಮಾನ್ಯವಾಗಿ ನೂರು ಎಕರೆ ಮೀರಿ ಜಾಗ ಬೇಕು. 120 ಎಕರೆ ಅಂತ ಇಟ್ಕೊಳ್ಳಿ. ಮೂರು ಇಂಚು ಮಳೆ ಬಿದ್ದ ದಿನ ಆ ಜಾಗದ ಮೇಲೆ ಬೀಳೋ ನೀರು ಸುಮಾರು 3.7 ಕೋಟಿ ಲೀಟರ್! 12,000 ಲೀಟರ್ ಟ್ಯಾಂಕರ್ ಆದರೆ ಮೂರು ಸಾವಿರಕ್ಕೂ ಹೆಚ್ಚು ಟ್ಯಾಂಕರ್. ಇದು ಒಂದು ದಿನದ ಲೆಕ್ಕ. ಆಷಾಢದಲ್ಲಿ ನಮ್ಮ ಕಡೆ ಇಂಥ ದಿನಗಳು ಒಂದರ ಹಿಂದೆ ಒಂದು ಬರುತ್ತವೆ.

ಈಗ ನಕ್ಷೆ ನೋಡಿ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟದ ಗೋಡೆಗೆ ಬಡಿದು ಮೇಲೇರುತ್ತೆ, ತಣ್ಣಗಾಗುತ್ತೆ, ಸುರಿಯುತ್ತೆ. ಘಟ್ಟದ ತಲೆ ಮೇಲಿರೋ ಕೊಟ್ಟಿಗೆಹಾರದಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟೋದು ಹೊಸದೇನಲ್ಲ. ಮೂಡಿಗೆರೆಗೆ ಬರೋವಾಗ 2,000 ಮಿ.ಮೀ. ಆಸುಪಾಸಿಗೆ ಇಳಿಯುತ್ತೆ. ಚಿಕ್ಕಮಗಳೂರು ಪೇಟೆಗೆ ಬಂದರೆ ಅದರ ಅರ್ಧದಷ್ಟು. ಇನ್ನೂ ಪೂರ್ವಕ್ಕೆ ಕಡೂರಿಗೆ ಹೋದರೆ 600 ಮಿ.ಮೀ. ಸುತ್ತಮುತ್ತ, ತೆಂಗಿನ ತೋಟಕ್ಕೂ ನೀರಿಗೆ ಪರದಾಟ. ಒಂದೇ ಜಿಲ್ಲೆ, ಬಸ್ಸಿನಲ್ಲಿ ಎರಡು ಮೂರು ಗಂಟೆ ದಾರಿ, ಮಳೆ ಮಾತ್ರ ಐದು ಪಟ್ಟು ವ್ಯತ್ಯಾಸ.

ಘಟ್ಟದ ಕೆಳಗೆ ಮಂಗಳೂರಲ್ಲಿ ಮತ್ತೆ 3,500 ಮಿ.ಮೀ. ಹತ್ತಿರ. ಮಡಿಕೇರಿಯಲ್ಲೂ 3,000 ದಾಟುತ್ತೆ, ಬಿಟ್ಟಂಗಾಲದ ಕಡೆ ಅದಕ್ಕಿಂತ ಕಡಿಮೆ. ಮೈಸೂರಲ್ಲಿ 800 ಮಿ.ಮೀ. ಆಸುಪಾಸು. ಈ ಅಂಕಿಗಳನ್ನು ದೂರದ ಪಟ್ಟಿ ಪಕ್ಕ ಇಟ್ಟರೆ ಉತ್ತರ ಅರ್ಧ ಸಿಕ್ಕ ಹಾಗೆ. ಬಣಕಲ್‌ನಿಂದ ಪೂರ್ವಕ್ಕೆ ಹೋದಷ್ಟೂ ನೆಲ ಒಣಗಿರುತ್ತೆ.

ನೆಲದ ಕೆಳಗೆ ಏನಿದೆ?

ಮಳೆ ಎಷ್ಟು ಬಿತ್ತು ಅನ್ನೋದು ಒಂದು, ಬಿದ್ದ ನೀರು ಎಷ್ಟು ಬೇಗ ಇಳಿಯಿತು ಅನ್ನೋದು ಇನ್ನೊಂದು. ನೆನೆದ ಜೇಡಿ ಮಣ್ಣಿನಲ್ಲಿ ನೀರು ಗಂಟೆಗೆ ಕೆಲವೇ ಮಿ.ಮೀ. ಇಳಿಯುತ್ತೆ. ಮರಳಿನಲ್ಲಿ ನೂರಕ್ಕೂ ಹೆಚ್ಚು. ಗ್ರೀನ್ ಕಟ್ಟೋ ಎಂಜಿನಿಯರಿಂಗ್ ಎಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಅಮೆರಿಕದ ಗಾಲ್ಫ್ ಸಂಸ್ಥೆ 1960ರಲ್ಲಿ ಒಂದು ವಿಧಾನ ಪ್ರಕಟಿಸಿತು, ಜಗತ್ತಿನ ಬಹಳ ಕಡೆ ಇವತ್ತಿಗೂ ಅದೇ ನಡೆಯುತ್ತೆ. ಕೆಳಗೆ ತೂತಿನ ಪೈಪು, ಅದರ ಮೇಲೆ 10 ಸೆಂ.ಮೀ. ಜಲ್ಲಿ, ಅದರ ಮೇಲೆ 30 ಸೆಂ.ಮೀ. ಮರಳು, ಮೇಲೆ ಹುಲ್ಲು. ಇದರಲ್ಲಿ ಒಂದು ಜಾಣತನ ಇದೆ. ಸಣ್ಣ ಕಣದ ಮರಳಿನ ಕೆಳಗೆ ದಪ್ಪ ಜಲ್ಲಿ ಇದ್ದರೆ ನೀರು ತಕ್ಷಣ ಜಲ್ಲಿಗೆ ಇಳಿಯಲ್ಲ. ಮರಳಿನ ಸೂಕ್ಷ್ಮ ಸಂದುಗಳು ಅದನ್ನು ಹಿಡಿದುಕೊಂಡಿರುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಹುಲ್ಲಿನ ಬೇರಿಗೆ ತೇವ ಸಿಗುತ್ತೆ. ಮಳೆ ಜೋರಾಗಿ ಮರಳು ಪೂರ್ತಿ ತುಂಬಿದಾಗ ಮಾತ್ರ ಮೇಲಿನ ನೀರಿನ ಒತ್ತಡಕ್ಕೆ ಹೆಚ್ಚಿನ ನೀರು ಜಲ್ಲಿಗೆ ಇಳಿದು ಪೈಪಿನಲ್ಲಿ ಹೊರಗೆ ಹೋಗುತ್ತೆ. ನಮ್ಮ ಸಾಯಿಲ್ ಮೆಕ್ಯಾನಿಕ್ಸ್ ಪಾಠದ ಕ್ಯಾಪಿಲರಿ ಇಲ್ಲಿ ಆಟಕ್ಕೆ ಬಂತು ನೋಡಿ.

ಆದರೆ ಖರ್ಚು? ಒಂದು ಗ್ರೀನ್ 500 ಚದರ ಮೀಟರ್ ಅಂದುಕೊಂಡರೆ 18ಕ್ಕೆ 9,000 ಚದರ ಮೀಟರ್. ಮರಳೇ 2,700 ಘನ ಮೀಟರ್ ಬೇಕು. ಟಿಪ್ಪರ್‌ಗೆ ಹತ್ತು ಘನ ಮೀಟರ್ ಲೆಕ್ಕದಲ್ಲಿ 270 ಲೋಡ್. ಮನೆ ಕಟ್ಟೋಕೆ ಮರಳು ಹುಡುಕಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅದೂ ಬರೀ ಗ್ರೀನ್‌ಗೆ. ಫೇರ್‌ವೇಗಳು ಹೆಚ್ಚಾಗಿ ಆಯಾ ಊರಿನ ಮಣ್ಣಿನ ಮೇಲೇ ಇರುತ್ತವೆ. ಆದ್ದರಿಂದ ಗ್ರೀನ್ ಎಷ್ಟೇ ಚೆನ್ನಾಗಿ ಬಸಿದರೂ ಫೇರ್‌ವೇ ಕೆಸರಾಗಿದ್ದರೆ ಆಟ ಕೆಡುತ್ತೆ. ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತೆ, ಒಂದಡಿ ಮುಂದೆ ಉರುಳಲ್ಲ.

ಕರಾವಳಿಯ ಮುರಕಲ್ಲಿನ ನೆಲ ಬೇರೆ ಥರ. ಬಿಸಿಲಿಗೆ ಕಲ್ಲಿನ ಹಾಗೆ ಗಟ್ಟಿ, ಮೇಲಿನ ಮಣ್ಣು ತೆಳು. ಇಂಥ ಕಡೆ ಬೇಸಿಗೆಯಲ್ಲಿ ಚೆಂಡು ಚೆನ್ನಾಗಿ ಉರುಳುತ್ತೆ, ಪುಟಿಯುತ್ತೆ, ಆದರೆ ಹುಲ್ಲು ಉಳಿಸೋದು ಕಷ್ಟ.

ಹುಲ್ಲಿನ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ಬಿಸಿ ದೇಶಗಳ ಗಾಲ್ಫ್ ಕೋರ್ಸ್‌ಗಳಲ್ಲಿ ಬರ್ಮುಡಾ ಗ್ರಾಸ್ ಅಂತ ದೊಡ್ಡ ಹೆಸರು. ಅದರ ಸಸ್ಯಶಾಸ್ತ್ರದ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಅದು ಬೇರೇನೂ ಅಲ್ಲ, ಚೌತಿಗೆ ಗಣಪತಿಗೆ ಇಡ್ತೀವಲ್ಲ, ಅದೇ ಗರಿಕೆ! ಗ್ರೀನ್‌ಗಳಿಗೆ ಅದರದ್ದೇ ಕುಳ್ಳ ಮಿಶ್ರತಳಿಗಳನ್ನು ಬಳಸುತ್ತಾರೆ. ಗರಿಕೆಗೆ ಬಿಸಿಲು ಬೇಕು, ನೆರಳು ಆಗಲ್ಲ. ಕಾಫಿಗೆ ನೆರಳು ಬೇಕು. ಹಾಗಾಗಿ ಮರಗಳ ಮಧ್ಯೆ ಕಿರಿದಾದ ಫೇರ್‌ವೇ ಇರೋ ಕೋರ್ಸ್ ಫೋಟೋದಲ್ಲಿ ಎಷ್ಟು ಚೆಂದ ಕಂಡರೂ, ಮೋಡ ಕವಿದ ತಿಂಗಳುಗಳಲ್ಲಿ ಅಲ್ಲಿ ಹುಲ್ಲು ತೆಳ್ಳಗಾಗಿ ಪಾಚಿ ಬರೋ ಸಾಧ್ಯತೆ ಜಾಸ್ತಿ.

ಎತ್ತರ, ಗಾಳಿ, ಸೆಕೆ

ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಸಾಂದ್ರತೆ ಮಂಗಳೂರಿಗಿಂತ ಸುಮಾರು ಶೇ. 10ರಷ್ಟು ಕಡಿಮೆ. ಗಾಳಿಯ ತಡೆ ಕಡಿಮೆಯಾದಾಗ ಚೆಂಡು ಸ್ವಲ್ಪ ದೂರ ಹೋಗುತ್ತೆ, ಅಂದಾಜು ಶೇ. 3ರಿಂದ 4. ಮಂಗಳೂರಲ್ಲಿ 200 ಗಜ ಹೊಡೆಯೋರು ಇಲ್ಲಿ 206, 207 ಗಜ ಹೊಡೆಯಬಹುದು. ಇದನ್ನು ನೋಡಿ ಕೋಲು ಬದಲಿಸಬೇಕಾಗುತ್ತೆ.

ಜನ ಸಾಮಾನ್ಯವಾಗಿ ಹೇಳೋ ಇನ್ನೊಂದು ಮಾತಿದೆ: ಕರಾವಳಿಯ ತೇವದ ಗಾಳಿ ಭಾರ, ಅದಕ್ಕೇ ಚೆಂಡು ಹೋಗಲ್ಲ ಅಂತ. ಇದು ಸರಿ ಅಲ್ಲ. ನೀರಿನ ಅಣುವಿನ ಭಾರ 18, ಸಾರಜನಕದ್ದು 28, ಆಮ್ಲಜನಕದ್ದು 32. ಗಾಳಿಯಲ್ಲಿ ನೀರಾವಿ ಸೇರಿದಷ್ಟೂ ಅದು ಹಗುರ ಆಗುತ್ತೆ. ಭಾರ ಆಗೋದು ನಮ್ಮ ಮೈ! ಬೆವರು ಆರಲ್ಲ, ಮೈ ತಣಿಯಲ್ಲ, ಹತ್ತನೇ ಹೋಲ್ ಹೊತ್ತಿಗೆ ಕೈ ಸೋತಿರುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯಲ್ಲಿ ಆಡೋದಾದರೆ ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಒಂಬತ್ತು ಹೋಲ್‌ಗೆ ನಿಲ್ಲಿಸೋದು ಜಾಣತನ. ಮನೆಯ ಹಿರಿಯರು ಜೊತೆಗಿದ್ದರೆ ಇದನ್ನು ಗಟ್ಟಿಯಾಗಿ ಹೇಳಿ.

ಕಷ್ಟದ ಕೋರ್ಸೋ ಸುಲಭದ್ದೋ: ಒಂದು ಸೂತ್ರ

ಎಲ್ಲರಿಗೂ ಎಲ್ಲ ಕೋರ್ಸೂ ಹಿಡಿಸಲ್ಲ. ಇದನ್ನು ಅಳೆಯೋಕೆ ಎರಡು ಅಂಕಿ ಇವೆ. ಕೋರ್ಸ್ ರೇಟಿಂಗ್ ಅಂದರೆ ಪಳಗಿದ ಆಟಗಾರ ಎಷ್ಟು ಹೊಡೆತದಲ್ಲಿ ಮುಗಿಸಬಹುದು ಅನ್ನೋ ಅಂದಾಜು. ಸ್ಲೋಪ್ ರೇಟಿಂಗ್ ಅಂದರೆ ಸಾಮಾನ್ಯ ಆಟಗಾರನಿಗೆ ಅದು ಇನ್ನೂ ಎಷ್ಟು ಕಷ್ಟ ಅನ್ನೋದು. ಗುಡ್ಡದ ಇಳಿಜಾರಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ಇದು 55ರಿಂದ 155ರವರೆಗೆ ಇರುತ್ತೆ, 113 ಅನ್ನೋದು ಮಾನದಂಡ. 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯ ಸೂತ್ರ ಹೀಗಿದೆ:

ಕೋರ್ಸ್ ಹ್ಯಾಂಡಿಕ್ಯಾಪ್ = ಹ್ಯಾಂಡಿಕ್ಯಾಪ್ ಇಂಡೆಕ್ಸ್ × (ಸ್ಲೋಪ್ ÷ 113) + (ಕೋರ್ಸ್ ರೇಟಿಂಗ್ − ಪಾರ್)

ಉದಾಹರಣೆಗೆ ನಿಮ್ಮ ಇಂಡೆಕ್ಸ್ 20 ಅಂದುಕೊಳ್ಳಿ. ಒಂದು ಕೋರ್ಸ್‌ನ ಸ್ಲೋಪ್ 125, ರೇಟಿಂಗ್ 70.5, ಪಾರ್ 72. ಆಗ 22.1ರಲ್ಲಿ 1.5 ಕಳೆದು 20.6, ಅಂದರೆ 21 ಹೊಡೆತದ ರಿಯಾಯಿತಿ. ಇನ್ನೊಂದರ ಸ್ಲೋಪ್ 105, ರೇಟಿಂಗ್ 68, ಪಾರ್ 70 ಆದರೆ 18.6ರಲ್ಲಿ 2 ಕಳೆದು 16.6, ಅಂದರೆ 17. ಮೊದಲನೆಯದು ನಾಲ್ಕು ಹೊಡೆತದಷ್ಟು ಕಷ್ಟ. ರಜೆಗೆ ಬಂದವರು, ಅದರಲ್ಲೂ ಹೊಸದಾಗಿ ಕಲಿತವರು, ಎರಡನೇ ಥರದ್ದನ್ನು ಆರಿಸಿದರೆ ಖುಷಿಯಾಗಿ ವಾಪಸ್ ಬರ್ತಾರೆ. ಆದರೆ ಈ ಅಂಕಿಗಳು ಸಾಮಾನ್ಯ ಹವೆಯ ಲೆಕ್ಕ. ನೆಲ ನೆನೆದ ದಿನ ಸುಲಭದ ಕೋರ್ಸೂ ಕಷ್ಟದ್ದಾಗುತ್ತೆ. ಅದಕ್ಕೇ ನಮ್ಮ ಪಟ್ಟಿಯಲ್ಲಿ ಮಳೆ ಮೊದಲು, ಸ್ಲೋಪ್ ಆಮೇಲೆ.

ಫೋನ್ ಮಾಡಿ ಕೇಳಬೇಕಾದ ಐದು ಪ್ರಶ್ನೆ

ಕೋರ್ಸ್ ಹೇಗಿದೆ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾನೇ ಹೇಳ್ತಾರೆ. ಹಾಗೆ ಕೇಳೋ ಬದಲು ಹೀಗೆ ಕೇಳಿ.

1. ಹೊರಗಿನವರಿಗೆ ಆಡೋಕೆ ಬಿಡ್ತೀರಾ? ಬಹಳ ಕ್ಲಬ್‌ಗಳು ಸದಸ್ಯರಿಗೆ ಮೊದಲ ಆದ್ಯತೆ ಕೊಡುತ್ತವೆ. ಕೆಲವು ಕಡೆ ಸದಸ್ಯರ ಜೊತೆ ಬರಬೇಕು, ಕೆಲವು ಕಡೆ ನಿಮ್ಮ ಊರಿನ ಕ್ಲಬ್‌ಗೂ ಅವರಿಗೂ ಒಪ್ಪಂದ ಇರಬೇಕು. ಟೂರ್ನಿ ಇದ್ದ ದಿನ ಅತಿಥಿಗಳಿಗೆ ಜಾಗವೇ ಇರಲ್ಲ. ಗ್ರೀನ್ ಫೀ, ಕ್ಯಾಡಿ ಕೂಲಿ, ಬಾಡಿಗೆ ಕಿಟ್, ಕಾಲರ್ ಇರೋ ಅಂಗಿ, ಶೂ ನಿಯಮ, ಎಲ್ಲ ಇದೇ ಕರೆಯಲ್ಲಿ ಕೇಳಿಬಿಡಿ.

2. ಕಳೆದ ವಾರ ಎಷ್ಟು ಇಂಚು ಮಳೆ ಬಂತು? ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ಕಡಿಮೆ.

3. ಬಗ್ಗಿ ಫೇರ್‌ವೇ ಮೇಲೆ ಬಿಡ್ತಿದ್ದೀರಾ, ಬರೀ ದಾರಿ ಮೇಲಾ? ದಾರಿ ಮೇಲೆ ಮಾತ್ರ ಅಂದರೆ ನೆಲ ಮೆತ್ತಗಿದೆ ಅಂತ ಅರ್ಥ. ಈ ಒಂದೇ ಉತ್ತರದಲ್ಲಿ ಎಲ್ಲ ಗೊತ್ತಾಗುತ್ತೆ.

4. ಎಲ್ಲ ಹೋಲ್‌ಗಳಲ್ಲೂ ಮುಖ್ಯ ಗ್ರೀನ್ ತೆರೆದಿದೆಯಾ? ತೇವ ಜಾಸ್ತಿಯಾದಾಗ ಗ್ರೀನ್ ಉಳಿಸೋಕೆ ಫೇರ್‌ವೇ ಮೇಲೇ ತಾತ್ಕಾಲಿಕ ಗ್ರೀನ್ ಮಾಡ್ತಾರೆ.

5. ಗ್ರೀನ್‌ಗೆ ತೂತು ಹೊಡೆದಿದ್ದೀರಾ? ಗಟ್ಟಿಯಾದ ಮಣ್ಣಿಗೆ ಗಾಳಿ ಆಡಲಿ ಅಂತ ವರ್ಷಕ್ಕೆ ಒಂದೆರಡು ಸಲ ಮೆಷಿನ್‌ನಲ್ಲಿ ತೂತು ಹೊಡೆದು ಮರಳು ತುಂಬುತ್ತಾರೆ. ಹುಲ್ಲಿಗೆ ಇದು ಬೇಕೇಬೇಕು. ಆದರೆ ಆ ಒಂದೆರಡು ವಾರ ಚೆಂಡು ನೇರ ಉರುಳಲ್ಲ.

ಅಲ್ಲಿಗೆ ಹೋದ ಮೇಲೆ ಗ್ರೀನ್‌ನ ವೇಗ ಅಂತ ಮಾತಾಡೋದು ಕೇಳ್ತೀರಿ. ಅಳೆಯೋ ಸಾಧನ ನಮ್ಮ ಲ್ಯಾಬ್‌ನ ಇಳಿಜಾರು ಹಲಗೆಯ ತಮ್ಮ. ಅಮೆರಿಕದ ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ಮಾಡಿದ್ದು, ಹೆಸರು ಸ್ಟಿಂಪ್‌ಮೀಟರ್. ಮೂರಡಿ ಉದ್ದದ ತೋಡಿರುವ ಪಟ್ಟಿ. ಸುಮಾರು 20 ಡಿಗ್ರಿ ಎತ್ತಿದಾಗ ಚೆಂಡು ತಾನೇ ಜಾರಿ ಉರುಳುತ್ತೆ. ಎಷ್ಟು ಅಡಿ ಹೋಯಿತೋ ಅದೇ ಗ್ರೀನ್‌ನ ವೇಗ.

ಮಳೆಗಾಲಕ್ಕೆ ಆಟದ ನಿಯಮಗಳೂ ಸ್ವಲ್ಪ ಕರುಣೆ ತೋರಿಸುತ್ತವೆ. ನಿಂತ ಮಳೆನೀರಿನಲ್ಲಿ ಚೆಂಡು ಬಿದ್ದರೆ ದಂಡವಿಲ್ಲದೆ ಒಣ ಜಾಗಕ್ಕೆ ತೆಗೆದಿಡಬಹುದು. ತನ್ನದೇ ಗುಂಡಿಯಲ್ಲಿ ಹೂತುಹೋದ ಚೆಂಡಿಗೂ, ಬಂಕರ್‌ನಂಥ ಕೆಲವು ಜಾಗ ಬಿಟ್ಟು, ಹಾಗೇ. ಕಳೆದುಹೋದ ಚೆಂಡು ಹುಡುಕೋಕೆ 2019ರಿಂದ ಮೂರೇ ನಿಮಿಷ. ಜುಲೈ ತಿಂಗಳಲ್ಲಿ ಇಂಬಳ ತುಂಬಿದ ಉದ್ದ ಹುಲ್ಲಿಗೆ ಇಳಿಯೋರಿಗೆ ಮೂರು ನಿಮಿಷವೂ ಜಾಸ್ತಿಯೇ!

ಯಾವ ತಿಂಗಳು, ಯಾವ ಕಡೆ

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಎಲ್ಲ ಕಡೆಯೂ ಚೆನ್ನಾಗಿರುತ್ತೆ. ಬೆಳಿಗ್ಗೆ ಮಂಜು, ಇಬ್ಬನಿ. ಎಂಟು ಗಂಟೆ ಮೇಲೆ ಶುರು ಮಾಡಿದರೆ ಒಳ್ಳೆಯದು. ಇದೇ ಕಾಫಿ ಕೊಯ್ಲಿನ ಕಾಲ, ಹೋಂಸ್ಟೇ ಮನೆಯವರು ಕಣದಲ್ಲಿ ಬ್ಯುಸಿ. ಅತಿಥಿಗಳು ದಿನವಿಡೀ ಹೊರಗಿದ್ದರೆ ಇಬ್ಬರಿಗೂ ಅನುಕೂಲ.

ಮಾರ್ಚ್‌ನಲ್ಲಿ ಹೂಮಳೆ ಒಂದೆರಡು ಸಲ ಬಂದು ಹೋಗುತ್ತೆ. ಚಿಕ್ಕಮಗಳೂರಿನ ದಾರಿಯಲ್ಲಿ ಕಾಫಿ ಹೂವಿನ ಪರಿಮಳ ಸಿಕ್ಕರೆ ಅದು ನಿಮ್ಮ ಪುಣ್ಯ.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಇದೊಂದನ್ನು ಹಗುರವಾಗಿ ತಗೋಬೇಡಿ. ಬಯಲಿನ ಮಧ್ಯೆ ಲೋಹದ ಕೋಲು ಹಿಡಿದು ನಿಂತವರೇ ಆ ಜಾಗದ ಎತ್ತರದ ವಸ್ತು. ಮಿಂಚಿಗೂ ಗುಡುಗಿಗೂ ನಡುವೆ ಸೆಕೆಂಡ್ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿ.ಮೀ. ಲೆಕ್ಕ. ಮೂವತ್ತು ಸೆಕೆಂಡ್ ಒಳಗೆ ಗುಡುಗಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ಆಟ ನಿಲ್ಲಿಸಿ ಕಟ್ಟಡದ ಒಳಗೆ ಅಥವಾ ಕಾರಿನ ಒಳಗೆ ಹೋಗಿ. ಮರದ ಕೆಳಗೆ ಬೇಡ, ತೆರೆದ ಬಗ್ಗಿಯೂ ಬೇಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೆ ಹೊರಗೆ ಬರಬೇಡಿ. ಸಿಡಿಲಿನ ಭಯ ಇದ್ದಾಗ ಯಾರನ್ನೂ ಕೇಳದೆ ಆಟ ನಿಲ್ಲಿಸೋಕೆ ನಿಯಮದಲ್ಲೇ ಅವಕಾಶ ಇದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಿಲಿಕುಳ, ಮಡಿಕೇರಿ ಎರಡನ್ನೂ ಮರೆತುಬಿಡಿ. ಮಂಗಳೂರಿಗೆ ಹೋಗೋಕೆ ಚಾರ್ಮಾಡಿ ಘಾಟಿ ಇಳಿಯಬೇಕು. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಆ ದಾರಿ ಮುಚ್ಚಿಹೋಗಿತ್ತು. ಒಂದು ಆಟಕ್ಕೋಸ್ಕರ ಮನೆಮಂದಿಯನ್ನು ಆ ಮಳೆಯಲ್ಲಿ ಘಾಟಿಗೆ ಕರೆದುಕೊಂಡು ಹೋಗೋದು ಬೇಡ. ಆಡಲೇಬೇಕು ಅನ್ನೋರಿಗೆ ಚಿಕ್ಕಮಗಳೂರಲ್ಲಿ ಬಿಡುವು ಸಿಕ್ಕ ದಿನ ನೋಡಿ, ಇಲ್ಲಾಂದ್ರೆ ವಾಪಸ್ ಹೋಗೋವಾಗ ಮೈಸೂರಲ್ಲಿ ಒಂದು ದಿನ ಇಳಿದುಕೊಳ್ಳಿ.

ಬಣಕಲ್‌ಗೇ ಒಂದು ಕೋರ್ಸ್ ಯಾಕಿಲ್ಲ?

ಇದು ಅತಿಥಿಗಳು ಕೇಳೋ ಮುಂದಿನ ಪ್ರಶ್ನೆ. ಇಷ್ಟು ಹಸಿರಿದೆ, ಒಂದು ಗಾಲ್ಫ್ ರೆಸಾರ್ಟ್ ಮಾಡಬಹುದಲ್ಲ ಅಂತ. ಕೇಳೋಕೆ ಸರಳ ಅನ್ನಿಸುತ್ತೆ, ಲೆಕ್ಕ ಹಾಕಿದರೆ ಅಲ್ಲ.

ಮೊದಲನೆಯದು ಜಾಗ. ಕೋರ್ಸ್‌ಗೆ ನೂರು ಎಕರೆ ಮೀರಿದ, ತಕ್ಕಮಟ್ಟಿಗೆ ಮಟ್ಟಸವಾದ, ಮರ ಕಡಿಮೆ ಇರೋ ನೆಲ ಬೇಕು. ನಮ್ಮಲ್ಲಿ ಮಟ್ಟಸ ನೆಲ ಇರೋದು ಎರಡು ಗುಡ್ಡದ ಸಂದಿನಲ್ಲಿ, ಅದು ಗದ್ದೆ. ಗದ್ದೆ, ಹಡ್ಲು ಎಲ್ಲ ಮಳೆನೀರನ್ನು ಹಿಡಿದು ನಿಧಾನಕ್ಕೆ ಬಿಡೋ ತೊಟ್ಟಿಗಳಿದ್ದ ಹಾಗೆ. ಹೇಮಾವತಿ ಹುಟ್ಟೋದು ಇಲ್ಲೇ ಹತ್ತಿರ, ಬಲ್ಲಾಳರಾಯನದುರ್ಗದ ಬುಡದ ಜಾವಳಿಯಲ್ಲಿ. ಆ ನೀರು ಹಾಸನ ದಾಟಿ ಕಾವೇರಿ ಸೇರುತ್ತೆ.

ಎರಡನೆಯದು ಇಳಿಜಾರು. ಗದ್ದೆ ಬಿಟ್ಟರೆ ಗುಡ್ಡದ ಮೈ. ಫೇರ್‌ವೇ ಮಾಡೋಕೆ ಗುಡ್ಡ ಕಡಿಯಬೇಕು, ಮರ ತೆಗೆಯಬೇಕು. ಕಾಫಿ ತೋಟದಲ್ಲಿ ನೀರು ಮೂರು ಕಡೆ ತಡೆದುಕೊಂಡು ಇಳಿಯುತ್ತೆ: ನೆರಳಿನ ಮರದ ಎಲೆ, ಕೆಳಗಿನ ತರಗು, ಆಮೇಲೆ ಗಿಡಗಳ ಸಾಲಿನ ನಡುವಿನ ತೊಟ್ಟಿಲು ಗುಂಡಿ. ಕತ್ತರಿಸಿದ ಹುಲ್ಲಿನ ಇಳಿಜಾರಿನಲ್ಲಿ ಇಂಥ ತಡೆ ಇಲ್ಲ. 3.7 ಕೋಟಿ ಲೀಟರ್‌ನಲ್ಲಿ ಹೆಚ್ಚಿನ ಪಾಲು ಕೆಲವೇ ಗಂಟೆಗಳಲ್ಲಿ ಕೆಳಗಿನವರ ಗದ್ದೆಗೆ ಬರುತ್ತೆ. ಅದೇ 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿ ಮನೆ, ತೋಟ ಹೋದದ್ದನ್ನು ನೋಡಿದ ಊರಿಗೆ ಇದು ಪುಸ್ತಕದ ಲೆಕ್ಕ ಅಲ್ಲ.

ಮೂರನೆಯದು ಬೇಸಿಗೆ. ಇಷ್ಟು ಮಳೆ ಬೀಳೋ ಊರಲ್ಲೂ ಫೆಬ್ರವರಿಯಿಂದ ನೀರಿಗೆ ಲೆಕ್ಕ ಹಾಕ್ತೀವಿ. 60 ಎಕರೆ ಹುಲ್ಲಿಗೆ ದಿನಕ್ಕೆ 5 ಮಿ.ಮೀ. ನೀರು ಹಾಕಿದರೂ 12 ಲಕ್ಷ ಲೀಟರ್. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕ. ಅಂದರೆ ಸುಮಾರು 22,000 ಜನರ ನೀರು. ತೋಟದವರು ಹೂ ಅರಳಿಸೋಕೆ ಸ್ಪ್ರಿಂಕ್ಲರ್‌ನಲ್ಲಿ ಒಂದು ಇಂಚು ನೀರು ಕೊಡೋದೂ ಇದೇ ತಿಂಗಳಲ್ಲಿ, ಇದೇ ಹಳ್ಳದಿಂದ.

ಹೊರಗಿಂದ ನೋಡೋರಿಗೆ ಬಣಕಲ್‌ನ ಹಸಿರು ಗಾಲ್ಫ್‌ಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತೆ. ಆ ಹಸಿರಿಗೆ ಕಾರಣವಾದ ಮಳೆಯೇ ಇಲ್ಲಿ ಗಾಲ್ಫ್ ಬೇಡ ಅನ್ನೋದಕ್ಕೂ ಕಾರಣ. ಒಂದೂಕಾಲು ಗಂಟೆ ದೂರದಲ್ಲಿ, ಇಲ್ಲಿಗಿಂತ ಅರ್ಧಕ್ಕೂ ಕಡಿಮೆ ಮಳೆ ಬೀಳೋ ಕಡೆ, 18 ಹೋಲ್ ಆಗಲೇ ಇರುವಾಗ ಗದ್ದೆ ಮುಚ್ಚಿ ಇನ್ನೊಂದು ಕಟ್ಟೋ ಅಗತ್ಯ ನಮಗಂತೂ ಕಾಣಲಿಲ್ಲ.

ಹೋಂಸ್ಟೇ ಗೋಡೆಗೆ ಅಂಟಿಸೋಕೆ

ಗೆಳೆಯನ ಮನೆಯವರಿಗೆ ನಾವು ಬರೆದುಕೊಟ್ಟ ಚೀಟಿ ಇಲ್ಲಿದೆ. ನಿಮ್ಮ ಮನೆಗೂ ನೆಂಟರು ಗಾಲ್ಫ್ ಚೀಲ ಹೊತ್ತು ಬಂದರೆ ಉಪಯೋಗಿಸಿಕೊಳ್ಳಿ.

ಒಂದು ದಿನ ಮಾತ್ರ ಇದೆಯಾ? ಚಿಕ್ಕಮಗಳೂರು. ಹಿಂದಿನ ದಿನವೇ ಫೋನ್ ಮಾಡಿ.

ಆಡೋರು ಇಬ್ಬರು, ಆಡದವರು ಆರು ಜನ, ಜೊತೆಗೆ ಮಕ್ಕಳಾ? ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಪಿಲಿಕುಳ. ಬೆಳಿಗ್ಗೆ ಬೇಗ ಹೊರಡಿ, ಕತ್ತಲಾಗೋ ಮೊದಲು ಘಾಟಿ ಹತ್ತಿಬಿಡಿ.

ನಾಲ್ಕು ದಿನ ರಜೆ ಇದೆಯಾ? ಎರಡು ದಿನ ಇಲ್ಲಿ, ಎರಡು ದಿನ ಬಿಟ್ಟಂಗಾಲದ ಕಡೆ.

ಮಳೆಗಾಲವಾ? ಕೋಲು ಕಾರಿನಲ್ಲೇ ಇರಲಿ. ಜಗಲಿ ಮೇಲೆ ಕೂತು ಕಾಫಿ ಕುಡಿಯಿರಿ. ಬೆಳಿಗ್ಗೆ ಅಜ್ಜ ಮಳೆ ಅಳೆಯೋವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ, ಎಷ್ಟು ಇಂಚು ಅಂತ ಅವರೇ ಓದಿ ಹೇಳಲಿ.